ಯಾರ ಹಾದಿಗೆ ಯಾರು ಅಡ್ಡಿ?

ಶಾಲೆ ಸೇರುವ ಹೊತ್ತಿಗೆ ಮೋಟಾರು ನಡೆಸುವವರ ಗೊಣಗಾಟ ಈಗ ಎಲ್ಲ ಊರುಗಳಲ್ಲೂ ಕೇಳಿಬರುತ್ತಿದೆ. ಶಾಲಾ ವಲಯವೆಂದು ಹಲಗೆ ಹಾಕಿದ್ದಾರೆ, ರಸ್ತೆಗೆ ಉಬ್ಬು ಕಟ್ಟಿದ್ದಾರೆ, ವೇಗಕ್ಕೆ ಮಿತಿ ಇಟ್ಟಿದ್ದಾರೆ. ದಿನವೂ ಆಫೀಸಿಗೆ ಹೊತ್ತಾಗುತ್ತದೆ ಎಂಬುದು ಅವರ ದೂರು. ದೂರನ್ನು ತಳ್ಳಿಹಾಕುವ ಮೊದಲು ಲೆಕ್ಕ ಹಾಕಿ ನೋಡೋಣ.

ಶಾಲೆಯ ಮುಂದಿನ 300 ಮೀಟರು ಹಾದಿಯನ್ನು ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ದಾಟಲು ಸುಮಾರು 22 ಸೆಕೆಂಡು ಬೇಕು. 30ರ ವೇಗದಲ್ಲಿ 36 ಸೆಕೆಂಡು. ನಷ್ಟ 14 ಸೆಕೆಂಡು, ಒಂದು ಬೀಡಿ ಹಚ್ಚಿಕೊಳ್ಳುವಷ್ಟು ಹೊತ್ತು. ಲಾಭವೇನು? 50ರಲ್ಲಿ ಓಡುವ ಗಾಡಿಯ ಹೊಡೆತದ ಬಲ 30ರಲ್ಲಿ ಓಡುವುದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಚಾಲಕನ ಕಾಲು ಬ್ರೇಕು ಮುಟ್ಟಲು ಒಂದು ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಒಂದು ಗಾಡಿ ಸುಮಾರು 14 ಮೀಟರು ಮುಂದೆ ಹೋಗಿರುತ್ತದೆ, ಇನ್ನೊಂದು ಸುಮಾರು 8. ಈ ಅಂತರದಲ್ಲಿ ಮಗುವಿನ ಪ್ರಾಣವಿದೆ. ಕಾಲ್ನಡೆಯವರೂ ವಾಹನಗಳೂ ಬೆರೆಯುವ ಕಡೆ ವೇಗ 30 ಮೀರಬಾರದೆಂದು 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಘೋಷಿಸಿದ್ದು ಇದಕ್ಕಾಗಿಯೇ. 2022ರ ಒಂದೇ ವರ್ಷ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ನಡೆದು ಹೋಗುತ್ತಿದ್ದವರು.

ನಾವು ನಿಲ್ಲುವುದು 14 ಸೆಕೆಂಡಲ್ಲ, ಕಾಲು ಗಂಟೆ ಎನ್ನುವವರಿದ್ದಾರೆ. ಅದೂ ನಿಜವೇ. ಬೆಂಗಳೂರಿನ ರಿಚ್ಮಂಡ್ ರಸ್ತೆಯಲ್ಲೋ ಕನ್ನಿಂಗ್‌ಹ್ಯಾಂ ರಸ್ತೆಯಲ್ಲೋ ಶಾಲೆ ಬಿಡುವ ಹೊತ್ತಿಗೆ ನಿಂತು ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ದಾರಿ ಕಟ್ಟಿದ್ದು ಮಗುವಲ್ಲ. ಒಂದೊಂದು ಮಗುವಿಗಾಗಿ ಬಂದು ನಿಂತ ಒಂದೊಂದು ಕಾರು. 40 ಮಕ್ಕಳಿಗೆ ಒಂದು ಬಸ್ಸು ಸಾಕು, ಅದು ಹಿಡಿಯುವ ಜಾಗ ಹತ್ತು ಹನ್ನೆರಡು ಮೀಟರು. ಅದೇ ಮಕ್ಕಳಿಗೆ 40 ಕಾರು ಬಂದರೆ ಸಾಲು 200 ಮೀಟರು. ತನ್ನ ಮಗುವಿಗಾಗಿ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸುವ ಮಹಾಶಯನೇ ಇನ್ನೊಬ್ಬರ ಮಗು ರಸ್ತೆ ದಾಟುವಾಗ ಹಾರ್ನ್ ಒತ್ತುತ್ತಾನೆ!

ಮಗು ಅಷ್ಟು ದೂರದ ಶಾಲೆಗೆ ಕಾರಿನಲ್ಲಿ ಏಕೆ ಬರಬೇಕಾಯಿತು? ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕಲಿಯಲಿ ಎಂದು ಕೊಠಾರಿ ಆಯೋಗ 1966ರಲ್ಲೇ ಶಿಫಾರಸು ಮಾಡಿತು. ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರು, ಎಂಟನೆಯವರೆಗೆ ಮೂರು ಕಿಲೋಮೀಟರು ನಡಿಗೆಯೊಳಗೆ ಶಾಲೆ ಇರಬೇಕೆಂದು ಶಿಕ್ಷಣ ಹಕ್ಕಿನ 2010ರ ಕೇಂದ್ರ ನಿಯಮಗಳು ಹೇಳಿದವು. ನಡೆದು ಹೋಗುವ ಶಾಲೆಯನ್ನು ಬಡವರಿಗೆ ಬಿಟ್ಟು ಉಳ್ಳವರು ಕಾರಿನ ಶಾಲೆಯನ್ನು ಆರಿಸಿಕೊಂಡರು. ಆ ಆಯ್ಕೆಯಿಂದ ಹುಟ್ಟಿದ ದಟ್ಟಣೆಯ ಸಿಟ್ಟು ಈಗ ಹೆದ್ದಾರಿಯ ಅಂಚಿನಲ್ಲಿ ಚೀಲ ಹೊತ್ತು ಸರಕಾರಿ ಶಾಲೆಗೆ ನಡೆಯುವ ಮಗುವಿನ ಮೇಲೆ ತೀರುತ್ತಿದೆ.

ಬಸ್ಸಿನ ಚಾಲಕ, ಆಟೋ ಚಾಲಕ, ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಹುಡುಗ, ಇವರ ಅವಸರ ಬೇರೆ. ಅದು ವೇಳಾಪಟ್ಟಿಯೂ ಬಾಡಿಗೆಯೂ ಕಂಪನಿಯೂ ಹೇರಿದ ಅವಸರ. ಅಜಾಗರೂಕತೆಯಿಂದ ಸಾವಾದರೆ ಚಾಲಕನಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸ. ರಸ್ತೆಯನ್ನು ನಿಯಮದಂತೆ ಕಟ್ಟದ ಅಧಿಕಾರಿಗೂ ಗುತ್ತಿಗೆದಾರನಿಗೂ, ಅದರಿಂದಲೇ ಸಾವಾದರೂ, ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನಡಿ ಒಂದು ಲಕ್ಷ ರೂಪಾಯಿಯವರೆಗೆ ದಂಡ ಮಾತ್ರ! ಇದಾವ ನ್ಯಾಯ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಪ್ರತಿ ಶಾಲೆಯ ಮುಂದೆ ಕಾಲುದಾರಿ, ದಾಟುವ ಪಟ್ಟೆ, ದೂರದಿಂದಲೇ ಕಾಣುವ ಹಲಗೆ ಮತ್ತು ಬಣ್ಣ ಬಳಿದ ಉಬ್ಬು ಇರಲಿ. ಶಾಲೆಯ ಹೊತ್ತಿನಲ್ಲಿ ಬಾಗಿಲ ಮುಂದೆ ಖಾಸಗಿ ಕಾರು ನಿಲ್ಲದಿರಲಿ. ಮಕ್ಕಳಿಗೆ ಬಸ್ಸು ಓಡಲಿ. ಬಸ್ಸಿನ ವೇಳಾಪಟ್ಟಿಯನ್ನು 30ರ ಮಿತಿಗೆ ಹೊಂದಿಸಲಿ. ಊರಿನ ಶಾಲೆ ಎಲ್ಲರ ಮಕ್ಕಳೂ ಸೇರಬಯಸುವಷ್ಟು ಚೆನ್ನಾಗಿರಲಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಿದೆ. ತಾಯಿತಂದೆಯರು, ಉಪಾಧ್ಯಾಯರು, ಚಾಲಕರ ಸಂಘದವರು ಒಟ್ಟಾಗಿ ಅದರ ಮುಂದೆ ಹೋಗಿ ಕೇಳಬೇಕು: ನಮ್ಮೂರಿನ ಎಷ್ಟು ಶಾಲೆಗಳ ಮುಂದೆ ಮಗು ನಿರ್ಭಯವಾಗಿ ರಸ್ತೆ ದಾಟಬಲ್ಲುದು? ಲಿಖಿತ ಉತ್ತರ ಪಡೆಯದೆ ಹಿಂತಿರುಗಬಾರದು.