ತಡವಾಗಿ ಮಾತಾಡುವ ಮಕ್ಕಳು ಮತ್ತು ನಮ್ಮ ಸಲಹೆಗಳು

ಗುಮಾಸ್ತನಿಗೆ ಕಚೇರಿಯಲ್ಲಿ ಸಲಹೆ ಕೊಡುವ ಅಧಿಕಾರವಿಲ್ಲ. ಬಂದ ಫೈಲಿನ ಮೇಲೆ 'ಪರಿಶೀಲನೆಗಾಗಿ' ಎಂದು ಬರೆದು ಮೇಲಕ್ಕೆ ತಳ್ಳುವುದಷ್ಟೇ ಅವನ ಭಾಗ್ಯ. ಆದ್ದರಿಂದ ಹಗಲೆಲ್ಲ ಕೂಡಿಟ್ಟ ಸಲಹೆಗಳನ್ನು ಸಂಘದ ಸಮಾರಂಭಗಳಲ್ಲಿ ಧಾರಾಳವಾಗಿ ಖರ್ಚು ಮಾಡುವ ಅಭ್ಯಾಸ ನಮಗೆ. ಈ ಸಲ ಬರೆಯುತ್ತಿರುವುದು ಹಾಗೆ ಖರ್ಚಾದ ಒಂದು ಸಲಹೆಯ ಲೆಕ್ಕ.

ದೆಹಲಿಯ ನಮ್ಮ ಸರ್ಕಾರಿ ವಸತಿಯಲ್ಲಿ ಮೇಲಿನ ಮನೆಗೆ ಗದಗಿನ ಕಡೆಯ ದಂಪತಿಗಳು ಬಂದರು. ಅವರಿಗೊಬ್ಬ ಮಗ. ಹೆಸರು ಬೇಡ, ಪುಟ್ಟ ಎನ್ನೋಣ. ಅವನಿಗೆ ಎರಡೂವರೆ ವರ್ಷವಾಗಿದ್ದಾಗ ಸಂಘದ ಯುಗಾದಿ ಊಟಕ್ಕೆ ಕರೆತಂದಿದ್ದರು. ಬೇರೆ ಮಕ್ಕಳೆಲ್ಲ ಕುಣಿದಾಡುತ್ತಿದ್ದರೆ ಇವನು ಮೂಲೆಯಲ್ಲಿ ಕುಳಿತು ಸ್ಟೀಲು ಲೋಟಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಸಾಲು ಎಷ್ಟು ನೇರವೆಂದರೆ ರಸ್ತೆ ಹಾಕಿಸುವ ಇಂಜಿನಿಯರುಗಳು ನೋಡಿ ಕಲಿಯಬೇಕು. ಯಾರೋ ಒಂದು ಲೋಟ ತೆಗೆದರು. ಮಗು ಕಿರುಚಿ ಅತ್ತಿತು. ಮೈಕು ಕೀಚೆಂದಾಗ ಎರಡೂ ಕಿವಿ ಮುಚ್ಚಿಕೊಂಡಿತು. ಆದರೆ ತಾಯಿ ನಾಲ್ಕು ಸಲ ಹೆಸರು ಹಿಡಿದು ಕೂಗಿದರೂ ತಿರುಗಿ ನೋಡಲಿಲ್ಲ.

"ಅಣ್ಣಾರ, ಇವಾ ಇನ್ನೂ ಅವ್ವಾ ಅಂದಿಲ್ರೀ. ಏನ್ ಮಾಡೋದ್ರೀ?" ಎಂದು ಆ ತಾಯಿ ನಮ್ಮನ್ನು ಕೇಳಿದರು.

ನಾವು ಗಂಭೀರರಾದೆವು. ತಂದೆತಾಯಿಗಳ ಬಾಯಲ್ಲಿ ಕನ್ನಡ, ಕೆಲಸದಾಕೆಯ ಬಾಯಲ್ಲಿ ಹಿಂದಿ, ಮೊಬೈಲಿನಲ್ಲಿ ಇಂಗ್ಲಿಷು; ಮೂರು ಭಾಷೆಗಳ ನಡುವೆ ಸಿಕ್ಕಿ ಕೂಸಿಗೆ ಗೊಂದಲವಾಗಿದೆ; ಒಂದೇ ಭಾಷೆ ಇಟ್ಟುಕೊಳ್ಳಿ, ಇಲ್ಲಿ ಬಾಳಬೇಕಾದವನಾದ್ದರಿಂದ ಹಿಂದಿಯೇ ಇರಲಿ; ಅಲ್ಲದೆ ನಮ್ಮ ಸೋದರಮಾವ ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟವರು ಮುಂದೆ ವಕೀಲರಾಗಿ ಬಾಯಿ ಮುಚ್ಚಲೇ ಇಲ್ಲ, ಎಂದು ಅಪ್ಪಣೆ ಕೊಡಿಸಿದೆವು. ಸುತ್ತಲಿದ್ದವರು ತಲೆದೂಗಿದರು.

ಆ ತಾಯಿ ನಮ್ಮನ್ನು ನಂಬಿದರು. ಅವರ ಹಿಂದಿ ತರಕಾರಿ ಕೊಳ್ಳುವಷ್ಟರದು. ಅಷ್ಟು ಹಿಂದಿಯಲ್ಲಿ ಮಗುವಿನೊಡನೆ ಎಷ್ಟು ಹೊತ್ತು ಮಾತಾಡಲಾದೀತು? ಜೋಗುಳ ನಿಂತಿತು, ಕಥೆ ನಿಂತಿತು. ಒಂದೂವರೆ ವರ್ಷ ಮೇಲಿನ ಮನೆಯಿಂದ ನಮಗೆ ಕೇಳಿಸಿದ್ದು ಲೋಟದ ಸದ್ದೊಂದೇ. ಕೊನೆಗೆ ಶಿಶುವಿಹಾರದ ಉಪಾಧ್ಯಾಯಿನಿಯೊಬ್ಬರು ಒತ್ತಾಯ ಮಾಡಿ ಮಕ್ಕಳ ಬೆಳವಣಿಗೆಯನ್ನು ಬಲ್ಲ ಡಾಕ್ಟರರಲ್ಲಿಗೆ ಕಳಿಸಿದರು. ಮೊದಲು ಕಿವಿಯ ಪರೀಕ್ಷೆಯಾಯಿತು; ಕಿವಿ ಸರಿಯಾಗಿತ್ತು. ಆಮೇಲೆ ಮಗುವನ್ನು ಆಡಿಸಿ ನೋಡಿ, ತಂದೆತಾಯಿಗಳನ್ನು ವಿವರವಾಗಿ ವಿಚಾರಿಸಿ, ಆಟಿಸಂ ಎಂದರು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಮನೆಯಲ್ಲಿ ಯಾವ ಭಾಷೆಯ ಹಾಡು ಹೇಳುತ್ತೀರಿ ಎಂದು ಡಾಕ್ಟರರು ಕೇಳಿದಾಗ ಆಕೆ ಅಲ್ಲಿಯೇ ಅತ್ತುಬಿಟ್ಟರಂತೆ. ಕನ್ನಡ ಬಿಡಿಸಿದವರು ಯಾರು ಎಂದರೆ "ತಿಳಿದವರೊಬ್ಬರು" ಎಂದಷ್ಟೇ ಹೇಳಿದರಂತೆ. ನಮ್ಮಾಕೆ ಇದನ್ನು ಕೇಳಿಕೊಂಡು ಬಂದು ಹೇಳಿದ ರಾತ್ರಿ ನಮಗೆ ಊಟ ಸೇರಲಿಲ್ಲ.

ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆವು. ಆಟಿಸಂ ಎಂಬುದು ಅಂಟುರೋಗವಲ್ಲ, ಹುಚ್ಚಲ್ಲ, ಮೊಂಡುತನವೂ ಅಲ್ಲ. ಮಿದುಳು ಮೊದಲಿನಿಂದಲೇ ಬೇರೆ ಬಗೆಯಲ್ಲಿ ಬೆಳೆದಿರುತ್ತದೆ. ಬೆರೆಯುವ, ಹೇಳುವ, ಕೇಳುವ ರೀತಿ ಬೇರೆ. ಒಂದೇ ಆಟ, ಒಂದೇ ಕ್ರಮ ಹಿತವೆನಿಸುತ್ತದೆ. ನಮಗೆ ಸಾಧಾರಣವಾದ ಸದ್ದು ಅವರಿಗೆ ಕಿವಿಗೆ ಮೊಳೆ ಹೊಡೆದಂತೆ ಆಗಬಹುದು. ಒಬ್ಬನು ಮಾತೇ ಆಡದಿರಬಹುದು, ಇನ್ನೊಬ್ಬನು ರೈಲ್ವೆ ವೇಳಾಪಟ್ಟಿಯನ್ನು ಬಾಯಿಪಾಠ ಒಪ್ಪಿಸಬಹುದು.

೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಡಾಕ್ಟರ್ ಲಿಯೋ ಕ್ಯಾನರ್ ಎಂಬುವರು ಇಂಥ ೧೧ ಮಕ್ಕಳನ್ನು ಕುರಿತು ಬರೆದರು. ಆಮೇಲಿನ ಕಥೆ ಓದಿ ನಮಗೊಂದು ಕೆಟ್ಟ ಸಮಾಧಾನವಾಯಿತು: ತಿಳಿಯದೆ ತೀರ್ಪು ಕೊಟ್ಟವರು ನಾವೊಬ್ಬರೇ ಅಲ್ಲ. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತೆಂದು ದೊಡ್ಡ ಪಂಡಿತರೇ ಹೇಳುತ್ತಿದ್ದರು. ಬ್ರೂನೋ ಬೆಟಲ್‌ಹೈಮ್ ೧೯೬೭ರಲ್ಲಿ ಅದೇ ವಾದದ ಪುಸ್ತಕ ಬರೆದರು. ಅದಕ್ಕೆ ಮೂರು ವರ್ಷ ಮೊದಲೇ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು, ತಮ್ಮ ಮಗನೇ ಅಂಥವನಾದ್ದರಿಂದ ಹಟ ಹಿಡಿದು ಓದಿ, ಇದು ಮಿದುಳಿನ ವಿಷಯ, ತಾಯಿಯ ತಪ್ಪಲ್ಲ ಎಂದು ಬರೆದಿದ್ದರು. ಕಾಲವು ರಿಮ್ಲೆಂಡರ ಕಡೆ ನಿಂತಿತು. ಲಸಿಕೆಯಿಂದ ಬರುತ್ತದೆಂಬುದೂ ಸುಳ್ಳೇ. ಆ ಗುಲ್ಲೆಬ್ಬಿಸಿದ ೧೯೯೮ರ ಲೇಖನವನ್ನು ಅಚ್ಚುಹಾಕಿದ ಲ್ಯಾನ್ಸೆಟ್ ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು.

ಇನ್ನು ನಮ್ಮ ಸಲಹೆಯ ಗತಿ. ಎರಡು ಮೂರು ಭಾಷೆ ಕಿವಿಗೆ ಬಿದ್ದದ್ದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲೂ ಎರಡು ಭಾಷೆಯ ಮನೆಯವರು ಒಂದೇ ಭಾಷೆಯ ಮನೆಯವರಿಗಿಂತ ಹಿಂದೆ ಬಿದ್ದಿಲ್ಲವೆಂದು ಪರೀಕ್ಷಿಸಿ ನೋಡಿದವರು ಹೇಳುತ್ತಾರೆ. ತಾಯಿಗೆ ಸಲೀಸಾದ ಭಾಷೆಯಲ್ಲೇ ಮಗುವಿಗೆ ಹೆಚ್ಚು ಮಾತು ಸಿಕ್ಕುವುದು. ಪರಊರಿನಲ್ಲಿರುವ ನಮ್ಮ ಮನೆಗಳಲ್ಲಿ ಮಾತು ತಡವಾದರೆ ಮೊದಲು ಗಲ್ಲಿಗೇರುವುದು ಕನ್ನಡವೇ. ಆ ಗಲ್ಲಿನ ಹಗ್ಗ ಎಳೆದವರಲ್ಲಿ ನಾವೂ ಒಬ್ಬರು.

ಮಾತಿಗಿಂತ ಮೊದಲು ನೋಡಬೇಕಾದದ್ದು ಬೆರಳು. ಒಂದು ವರ್ಷ ತುಂಬಿ ಕೆಲವು ತಿಂಗಳಾಗುವ ಹೊತ್ತಿಗೆ ಕೂಸು ಕಾಗೆಯನ್ನೋ ನಾಯಿಯನ್ನೋ ಬೆರಳಿನಿಂದ ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತದೆ. ನಮ್ಮ ಸೋದರಮಾವ ಮಾತಿಲ್ಲದ ದಿನಗಳಲ್ಲಿ ಬೆರಳಿನಿಂದಲೇ ಮನೆಯವರನ್ನು ಕುಣಿಸುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಪುಟ್ಟನು ಏನನ್ನೂ ತೋರಿಸುತ್ತಿರಲಿಲ್ಲ. ಆ ವ್ಯತ್ಯಾಸ ನಮ್ಮ ಬಿ.ಎ. ಬುದ್ಧಿಗೆ ಹೊಳೆಯಲಿಲ್ಲ. ಕರೆದರೆ ತಿರುಗದಿರುವುದು, ೧೬ ತಿಂಗಳಾದರೂ ಒಂದು ಪದ ಬಾರದಿರುವುದು, ಎರಡು ವರ್ಷವಾದರೂ ಎರಡು ಪದ ತಾನಾಗಿ ಕೂಡಿಸದಿರುವುದು, ಬಂದ ಮಾತು ಹೋಗಿಬಿಡುವುದು, ಇವುಗಳಲ್ಲಿ ಒಂದು ಕಂಡರೂ ಡಾಕ್ಟರರಿಗೆ ತೋರಿಸಬೇಕು. ಕಂಡ ಮಾತ್ರಕ್ಕೆ ಆಟಿಸಂ ಎಂದಲ್ಲ. ಕಾಯುತ್ತ ಕೂರಬಾರದು, ಅಷ್ಟೆ.

ಇದನ್ನು ಗುಣಪಡಿಸುವ ಮಾತ್ರೆಯಿಲ್ಲ. ಇದೆಯೆಂದು ಮಾರುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ಆಟದ ಮೂಲಕ, ಚಿತ್ರಗಳ ಮೂಲಕ ತನಗೆ ಬೇಕಾದದ್ದನ್ನು ತಿಳಿಸಲು ಕಲಿಸುವ ತರಬೇತಿಯುಂಟು, ಬೇಗ ಆರಂಭಿಸಿದಷ್ಟೂ ಮೇಲು. ರಜಕ್ಕೆ ಊರಿಗೆ ಹೋಗುವವರಿಗೆ ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೆಹಲಿಯಲ್ಲಿ ಇಂಥ ಮಗನ ತಾಯಿಯೊಬ್ಬರು ೧೯೯೧ರಲ್ಲಿ ಕಟ್ಟಿದ 'ಆಕ್ಷನ್ ಫಾರ್ ಆಟಿಸಂ' ಇದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಕೇಂದ್ರ ಸರ್ಕಾರದ ನೌಕರರಾದ ನಮ್ಮಂಥವರು ಗಮನಿಸತಕ್ಕದ್ದೇನೆಂದರೆ, ಇಂಥ ಮಗುವನ್ನು ನೋಡಿಕೊಳ್ಳುವ ನೌಕರರಿಗೆ ಮಾಮೂಲು ವರ್ಗಾವಣೆಯಿಂದ ವಿನಾಯಿತಿ ಕೇಳಲು ೨೦೧೪ರ ಆಜ್ಞೆಯಿಂದ ಅವಕಾಶವಾಯಿತು. ಮೇಲಿನ ಮನೆಯವರ ಅರ್ಜಿಯನ್ನು ನಾವೇ ಬರೆದುಕೊಟ್ಟೆವು. ನಮಗೆ ಬರುವ ವಿದ್ಯೆ ಅದೊಂದೇ.

ಕ್ಷಮೆ ಕೇಳಲು ಹೋದಾಗ ಆಕೆ, "ಇರ್ಲಿ ಬಿಡ್ರೀ ಅಣ್ಣಾರ, ನಿಮಗರ ಏನ್ ಗೊತ್ತಿತ್ರೀ" ಎಂದರು. ಅವರ ಯಜಮಾನರು ಮಾತ್ರ ಇನ್ನೂ ನಮ್ಮೊಡನೆ ಮೊದಲಿನಂತಿಲ್ಲ. ಅದು ನ್ಯಾಯವೇ.

ಪುಟ್ಟನಿಗೀಗ ಆರು ವರ್ಷ. ಚಿತ್ರದ ಚೀಟಿ ತೋರಿಸಿ ಬೇಕಾದ್ದು ಕೇಳುತ್ತಾನೆ. ಇಪ್ಪತ್ತರಷ್ಟು ಮಾತು ಬಂದಿವೆ, ಹೆಚ್ಚಿನವು ಗದಗಿನವು. ಬರುವ ಯುಗಾದಿ ಊಟಕ್ಕೆ ಅವರು ಬರುವವರಿದ್ದಾರೆ. ಮೂಲೆಯೊಂದನ್ನೂ ಒಂದು ಡಜನ್ ಲೋಟಗಳನ್ನೂ ಕಾದಿರಿಸಲು ಹೇಳಿದ್ದೇವೆ. ಮೈಕಿನ ಸದ್ದು ತಗ್ಗಿಸಬೇಕೆಂದು ಕಾರ್ಯದರ್ಶಿಗಳಿಗೆ ತಿಳಿಸಿದ್ದಕ್ಕೆ 'ಪರಿಶೀಲಿಸುತ್ತೇವೆ' ಎಂದಿದ್ದಾರೆ. ಆ ಪದದ ಅರ್ಥ ನಮಗೆ ಗೊತ್ತಿರುವುದರಿಂದ ನಾವು ಮೈಕಿನ ಪಕ್ಕದಲ್ಲೇ ಕೂರುತ್ತೇವೆ.