ಸೈಡ್‌ಬಾರ್ ಮೂಲೆಯಲ್ಲಿದೆ ಅಂತ ಸಸಾರ ಮಾಡಬೇಡಿ

ಪ್ರಾಜೆಕ್ಟ್ ಡೆಮೊ ಅಂದ್ರೆ ನಮ್ಮಲ್ಲಿ ಒಂದು ರೂಢಿ ಇದೆ. ಲಾಗಿನ್ ಆಗೋದು, ಪಕ್ಕದ ಸೈಡ್‌ಬಾರ್‌ನಲ್ಲಿ ಹೆಸರು, ಫೋಟೋ, ಅಟೆಂಡೆನ್ಸ್, ಬಾಕಿ ಫೀಸು ಎಲ್ಲ ಬಂದ ಕೂಡಲೇ "ಪರ್ಸನಲೈಸ್ ಮಾಡಿದೀವಿ ಸರ್" ಅನ್ನೋದು. ಸರ್ ತಲೆಯಾಡಿಸ್ತಾರೆ, ಮಾರ್ಕ್ಸ್ ಬೀಳುತ್ತೆ. ಆದರೆ ಅದೇ ಹೊತ್ತಿಗೆ ಇನ್ನೊಬ್ಬರು ಲಾಗಿನ್ ಆದರೆ ಅವರಿಗೆ ಏನು ಕಾಣುತ್ತೆ ಅಂತ ಯಾರೂ ಕೇಳಲ್ಲ.

ನನ್ನ ವಾದ ಇಷ್ಟೇ: ಒಬ್ಬರಿಗೆ ಅವರ ಮಾಹಿತಿ ತೋರಿಸೋದು ಸುಲಭ. ಅದು ಬೇರೆ ಯಾರಿಗೂ ಕಾಣದ ಹಾಗೆ ನೋಡಿಕೊಳ್ಳೋದೇ ಕಷ್ಟದ ಕೆಲಸ. ಅದನ್ನು ಪರೀಕ್ಷಿಸದ ಡೆಮೊಗೆ ಪೂರ್ತಿ ಮಾರ್ಕ್ಸ್ ಕೊಡಬಾರದು.

"ದೊಡ್ಡ ಕಂಪನಿಗಳಲ್ಲಿ ಹೀಗೆಲ್ಲ ಆಗಲ್ಲ ಬಿಡಪ್ಪ" ಅನ್ನೋರು 2023ರ ಮಾರ್ಚ್ 20ನ್ನು ನೆನಪಿಸಿಕೊಳ್ಳಿ. ಅವತ್ತು ಚಾಟ್‌ಜಿಪಿಟಿಯ ಸೈಡ್‌ಬಾರ್‌ನಲ್ಲಿ ಕೆಲವರಿಗೆ ಬೇರೆಯವರ ಚಾಟ್‌ಗಳ ಶೀರ್ಷಿಕೆಗಳು ಕಂಡವು. ಓಪನ್‌ಎಐ ಸೇವೆಯನ್ನೇ ನಿಲ್ಲಿಸಿ ಹುಡುಕಿದಾಗ ಸಿಕ್ಕಿದ್ದು, ರೆಡಿಸ್ ಜೊತೆ ಮಾತಾಡುವ ಒಂದು ಪೈಥಾನ್ ಲೈಬ್ರರಿಯಲ್ಲಿದ್ದ ಬಗ್.

ಆ ಬಗ್ ಅರ್ಥವಾಗಬೇಕಾದರೆ ದರ್ಶಿನಿ ಕೌಂಟರ್ ಕಲ್ಪಿಸಿಕೊಳ್ಳಿ. ಟೋಕನ್ ನಂಬರ್ ಯಾರೂ ನೋಡಲ್ಲ, ಸಾಲಿನಲ್ಲಿ ಮುಂದೆ ನಿಂತವರಿಗೆ ಮುಂದೆ ಬಂದ ಪ್ಲೇಟು. ಮಸಾಲೆ ದೋಸೆ ಹೇಳಿದವರು ಬಸ್ಸು ಬಂತು ಅಂತ ಓಡಿಹೋದರು. ಒಳಗೆ ದೋಸೆ ಮಾತ್ರ ತಯಾರಾಗಿ ಬಂತು. ಹಿಂದೆ ಇಡ್ಲಿ ಹೇಳಿದವರ ಕೈಗೆ ಆ ದೋಸೆ, ಅವರ ಹಿಂದಿನವರ ಕೈಗೆ ಇಡ್ಲಿ! ಅಲ್ಲೂ ಆಗಿದ್ದು ಇದೇ. ಕೇಳಿಕೆ ಕಳಿಸಿ, ಉತ್ತರ ತೆಗೆದುಕೊಳ್ಳುವ ಮೊದಲೇ ರದ್ದಾದರೆ ಆ ಉತ್ತರ ಕನೆಕ್ಷನ್‌ನಲ್ಲೇ ಉಳಿದು, ಮುಂದೆ ಅದೇ ಕನೆಕ್ಷನ್ ಬಳಸಿದ ಇನ್ಯಾರಿಗೋ ಹೋಗುತ್ತಿತ್ತು. ಆ ದಿನದ ಒಂಬತ್ತು ಗಂಟೆಗಳ ಅವಧಿಯಲ್ಲಿ ಸಕ್ರಿಯರಾಗಿದ್ದ ಪ್ಲಸ್ ಚಂದಾದಾರರಲ್ಲಿ ಶೇ. 1.2ರಷ್ಟು ಜನರ ಹೆಸರು, ಇಮೇಲ್, ಕಾರ್ಡಿನ ಕೊನೆಯ 4 ಅಂಕಿಗಳಂಥ ವಿವರಗಳೂ ಇತರರಿಗೆ ಕಂಡಿರಬಹುದು ಅಂತ ಕಂಪನಿಯೇ ಹೇಳಿತು.

ಇನ್ನೊಂದು ಕಥೆ 2015ರ ಡಿಸೆಂಬರ್ 25ರದ್ದು, ಗೇಮ್ ಆಡೋರಿಗೆ ಗೊತ್ತಿರೋ ಸ್ಟೀಮ್‌ನದ್ದು. ಕ್ರಿಸ್‌ಮಸ್ ಸೇಲ್ ಹೊತ್ತಿಗೆ ದಾಳಿಯಿಂದ ಟ್ರಾಫಿಕ್ ಉಕ್ಕಿತು. ತಡೆಯಲು ಹಾಕಿದ ಕ್ಯಾಶಿಂಗ್ ನಿಯಮವೊಂದು ಲಾಗಿನ್ ಆದವರ ಪುಟಗಳನ್ನೂ ಎತ್ತಿಟ್ಟುಕೊಂಡು ಕಂಡವರಿಗೆಲ್ಲ ಹಂಚತೊಡಗಿತು. ಸುಮಾರು 34,000 ಜನರ ವಿವರ ಬೇರೆಯವರ ಕಣ್ಣಿಗೆ ಬಿದ್ದಿರಬಹುದು ಅಂತ ವಾಲ್ವ್ ಒಪ್ಪಿಕೊಂಡಿತು. ಈ ಎರಡರಲ್ಲೂ ಯಾರೂ ಪಾಸ್‌ವರ್ಡ್ ಕದ್ದಿರಲಿಲ್ಲ. ಲಾಗಿನ್ ಸರಿಯಾಗೇ ಇತ್ತು, ಎಡವಟ್ಟಾಗಿದ್ದು ಅದರ ನಂತರ.

ಈಗ ನಮ್ಮ ಪ್ರಾಜೆಕ್ಟ್‌ಗಳಿಗೆ ಬರೋಣ. ಇಲ್ಲಿ ತಪ್ಪು ಮೂರು ದಾರಿಯಲ್ಲಿ ನುಗ್ಗುತ್ತೆ. ಒಂದು, ಅಡ್ಮಿನ್ ಮೆನು ಸೇರಿ ಎಲ್ಲವನ್ನೂ ಎಲ್ಲರ ಬ್ರೌಸರ್‌ಗೂ ಕಳಿಸಿ, ಸಿಎಸ್‌ಎಸ್‌ನಲ್ಲಿ ಮುಚ್ಚಿಡೋದು. ಎಫ್12 ಒತ್ತಿದರೆ ಬಂಡವಾಳ ಬಯಲು. ಎರಡು, ಸೈಡ್‌ಬಾರ್‌ನ ಡೇಟಾ ಕೇಳುವಾಗ ಯುಆರ್‌ಎಲ್‌ನಲ್ಲಿ ಯುಎಸ್‌ಎನ್ ಕಳಿಸೋದು. ಕೊನೆಯ ಅಂಕಿ ಬದಲಾಯಿಸಿದರೆ ಪಕ್ಕದವರ ಜಾತಕ ಬಂತು. ಯಾರು ಅನ್ನೋದನ್ನು ಸರ್ವರ್ ತನ್ನ ಸೆಷನ್‌ನಿಂದಲೇ ತಿಳಿದುಕೊಳ್ಳಬೇಕು, ಬ್ರೌಸರ್ ಹೇಳಿದ್ದನ್ನು ನಂಬಬಾರದು. ಮೂರು, ಸ್ಟೀಮ್‌ನ ಹಾಗೆ ಪುಟವನ್ನು ಇಡಿಯಾಗಿ ಕ್ಯಾಶ್ ಮಾಡೋದು. ಮೊದಲ ಎರಡೂ ಎಷ್ಟು ಸಾಮಾನ್ಯ ಅಂದ್ರೆ, ಓವಾಸ್ಪ್ 2021ರಲ್ಲಿ ಮಾಡಿದ ವೆಬ್ ಅಪಾಯಗಳ ಪಟ್ಟಿಯಲ್ಲಿ ಇಂಥ ಪ್ರವೇಶ ನಿಯಂತ್ರಣದ ಲೋಪಕ್ಕೇ ಮೊದಲ ಸ್ಥಾನ.

"ಹಾಗಾದ್ರೆ ಕ್ಯಾಶೇ ಬೇಡ" ಅಂದುಬಿಟ್ಟರೆ ರಿಸಲ್ಟ್ ದಿನ ಸರ್ವರ್ ಮಲಗುತ್ತೆ, ಆಗ ಬೈಯೋರೂ ನಾವೇ. ಮಧ್ಯದ ದಾರಿ ಇದೆ. ನೋಟಿಸು, ಟೈಮ್‌ಟೇಬಲ್ ಇರುವ ಪುಟ ಎಲ್ಲರಿಗೂ ಒಂದೇ. ಅದನ್ನು ಧಾರಾಳವಾಗಿ ಕ್ಯಾಶ್ ಮಾಡಿ. ಸೈಡ್‌ಬಾರ್ ಮಾತ್ರ ಪುಟ ಬಂದ ಮೇಲೆ ಬೇರೆ ಕೇಳಿಕೆಯಲ್ಲಿ ಬರಲಿ. ಅದರ ಉತ್ತರಕ್ಕೆ 'ಕ್ಯಾಶ್-ಕಂಟ್ರೋಲ್' ಹೆಡರ್‌ನಲ್ಲಿ 'ನೋ-ಸ್ಟೋರ್' ಅಂತ ಹಾಕಿ. ನಿಯಮ ಪಾಲಿಸುವ ಯಾವ ಕ್ಯಾಶೂ ಅದನ್ನು ಎತ್ತಿಡುವುದಿಲ್ಲ. ಸೈಡ್‌ಬಾರ್ ಅರ್ಧ ಸೆಕೆಂಡ್ ತಡವಾಗಿ ಬಂದರೂ ಪರವಾಗಿಲ್ಲ, ಪಕ್ಕದವರದ್ದು ಬರಬಾರದು.

"ಕಾಲೇಜು ಪೋರ್ಟಲ್‌ನಲ್ಲಿ ಅಂಥಾ ಗುಟ್ಟೇನಿದೆ ಮಹಾ?" ಅಂತ ಕೆಲವರು ನಗಬಹುದು. ಎಷ್ಟು ಬ್ಯಾಕ್‌ಲಾಗ್ ಇದೆ, ಯಾವ ಕೋಟಾದಲ್ಲಿ ಸೀಟು ಸಿಕ್ಕಿದ್ದು, ಅಪ್ಪನ ವರಮಾನ ಎಷ್ಟು, ಹಾಸ್ಟೆಲ್ ರೂಮ್ ಯಾವುದು, ಫೋನ್ ನಂಬರ್ ಏನು. ಇಷ್ಟರಲ್ಲಿ ಒಂದು ಸ್ಕ್ರೀನ್‌ಶಾಟ್ ಕ್ಲಾಸ್ ಗ್ರೂಪಿಗೆ ಬಿದ್ದರೆ ಸಾಕು. ಬಗ್ ಹತ್ತು ನಿಮಿಷದಲ್ಲಿ ಸರಿಯಾಗಬಹುದು, ಆದರೆ ಆ ಹುಡುಗನೋ ಹುಡುಗಿಯೋ ಉಳಿದ ಸೆಮಿಸ್ಟರ್‌ಗಳನ್ನೆಲ್ಲ ಅದೇ ಕ್ಲಾಸಿನಲ್ಲಿ ಕಳೆಯಬೇಕು. ನಾಳೆ ಕೆಲಸಕ್ಕೆ ಸೇರಿದ ಮೇಲಂತೂ ಕಾನೂನೂ ಇದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಕಾಪಾಡಲು ತಕ್ಕ ಎಚ್ಚರ ವಹಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು.

ಅದಕ್ಕೇ ನಮ್ಮ ಪ್ರಾಜೆಕ್ಟ್ ರಿವ್ಯೂಗೆ ಒಂದು ಸಣ್ಣ ನಿಯಮ ಸೇರಿಸಿ ಅಂತ ಕೇಳ್ತೀನಿ. ಡೆಮೊಗೆ ಎರಡು ಲ್ಯಾಪ್‌ಟಾಪ್, ಎರಡು ಲಾಗಿನ್ ಇರಲಿ. ಎರಡನ್ನೂ ಒಟ್ಟಿಗೆ ರಿಫ್ರೆಶ್ ಮಾಡಿ, ಒಂದರ ಯುಆರ್‌ಎಲ್ ಇನ್ನೊಂದರಲ್ಲಿ ಹಾಕಿ, ಲಾಗ್‌ಔಟ್ ಆಗಿ ಬ್ಯಾಕ್ ಬಟನ್ ಒತ್ತಿ. ಐದು ನಿಮಿಷವೂ ಬೇಡ. ಗೈಡ್‌ಗಳು ಕೇಳದಿದ್ದರೆ, ಮುಂದಿನ ಬೆಂಚಲ್ಲಿ ಕೂತಿರೋ ನಾವೇ ಕೈ ಎತ್ತಿ ಕೇಳೋಣ. ಅವರು ತೋರಿಸ್ತಿರೋದು ನಮ್ಮದೇ ಡೇಟಾ ತಾನೇ?