ಏಳೇ ದಿನದಲ್ಲಿ ಐಐಟಿ ಸರ್ಟಿಫಿಕೇಟ್ ಸಿಗುತ್ತದೆಯೇ? ರಜೆಯ ಆನ್‌ಲೈನ್ ಕೋರ್ಸ್‌ಗಳ ಒಳಗುಟ್ಟು

ಡಿಸೆಂಬರ್ ಕೊನೆ, ಜನವರಿ ಬಂತೆಂದರೆ ಕಾಲೇಜು ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ರಜೆ ವ್ಯರ್ಥ ಮಾಡಬೇಡಿ, ಏಳೇ ದಿನದಲ್ಲಿ ಐಐಟಿ ಸರ್ಟಿಫಿಕೇಟ್ ಪಡೆಯಿರಿ, ಇಂದೇ ಕೊನೆಯ ದಿನ, ಹತ್ತು ಜನರಿಗೆ ಕಳಿಸಿ ಎನ್ನುವ ಧಾಟಿ. ಕೆಳಗೊಂದು ಲಿಂಕ್, ಪಕ್ಕದಲ್ಲೊಂದು ಸರ್ಕಾರಿ ಲಾಂಛನದಂಥ ಚಿತ್ರ.

ಇದನ್ನು ಸುಳ್ಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಐಐಟಿ ಪ್ರಾಧ್ಯಾಪಕರ ಪಾಠಗಳು ನಿಜವಾಗಿಯೂ ಉಚಿತವಾಗಿ ಸಿಗುತ್ತವೆ. ಬಳ್ಳಾರಿ ತಾಲ್ಲೂಕಿನ ಮೋಕದಲ್ಲಿ ಕುಳಿತ ಡಿಗ್ರಿ ವಿದ್ಯಾರ್ಥಿನಿಯೂ ತನ್ನ ಫೋನಿನಲ್ಲಿ ಅವನ್ನು ನೋಡಬಹುದು. ಆದರೆ ಪಾಠ ಬೇರೆ, ಆ ಪಾಠದ ಮೇಲೆ ಸಿಗುವ ಪತ್ರ ಬೇರೆ. ಇವೆರಡನ್ನೂ ಒಂದೇ ಮಾಡಿ ಹೇಳುವುದರಲ್ಲೇ ಇಂಥ ಸಂದೇಶಗಳ ತಪ್ಪು ಇರುವುದು. ಎರಡರ ವ್ಯತ್ಯಾಸ ಗೊತ್ತಿದ್ದರೆ ಹಣವೂ ಉಳಿಯುತ್ತದೆ, ರಜೆಯೂ ಉಪಯೋಗಕ್ಕೆ ಬರುತ್ತದೆ.

ಈ ಉಚಿತ ಪಾಠಗಳು ಬಂದದ್ದು ಎಲ್ಲಿಂದ?

ಜಗತ್ತಿನ ಗಮನ ಇತ್ತ ತಿರುಗಿದ್ದು 2011ರಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಕೋರ್ಸೊಂದನ್ನು ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಎಲ್ಲರಿಗೂ ಆನ್‌ಲೈನ್‌ನಲ್ಲಿ ತೆರೆದರು. ಹೆಸರು ಕೊಟ್ಟವರು ಸುಮಾರು 1,60,000 ಮಂದಿ. ಕೋರ್ಸೆರಾ ಶುರುವಾದದ್ದು ಅದರ ಮರುವರ್ಷ, 2012ರಲ್ಲಿ.

ಭಾರತ ಅದಕ್ಕೂ ಮೊದಲೇ ಈ ದಾರಿ ಹಿಡಿದಿತ್ತು. ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟೆಲ್ ಯೋಜನೆ ಆರಂಭಿಸಿದವು. ತರಗತಿಯ ಪಾಠಗಳನ್ನು ವಿಡಿಯೊ ಮಾಡಿ ಎಲ್ಲರಿಗೂ ಬಿಡುವುದು ಅದರ ಉದ್ದೇಶವಾಗಿತ್ತು. ಮುಂದೆ 2017ರ ಜುಲೈ 9ರಂದು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು 'ಸ್ವಯಂ' ವೇದಿಕೆಗೆ ಚಾಲನೆ ನೀಡಿದರು. ಎನ್‌ಪಿಟೆಲ್, ಇಗ್ನೋ, ಎನ್‌ಸಿಇಆರ್‌ಟಿ, ಐಐಎಂ ಬೆಂಗಳೂರು ಮುಂತಾದ ಸಂಸ್ಥೆಗಳ ಕೋರ್ಸ್‌ಗಳು ಈಗ ಸ್ವಯಂ ಎಂಬ ಒಂದೇ ಬಾಗಿಲಿನಲ್ಲಿ ಸಿಗುತ್ತವೆ.

ಉಚಿತ ಎಂದಮೇಲೆ ಹಣ ಕೇಳುವುದೇಕೆ?

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಉಚಿತ ಅಂದರೆ ಬೆಲೆಯಿಲ್ಲದ್ದು ಎನ್ನುವುದು ಒಂದು. ಹಣ ಕೇಳಿದರೆ ಅದು ಮೋಸವೇ ಎನ್ನುವುದು ಇನ್ನೊಂದು.

ಸ್ವಯಂನಲ್ಲಿ ಹೆಸರು ನೋಂದಾಯಿಸಲು, ವಿಡಿಯೊ ನೋಡಲು, ವಾರದ ಅಸೈನ್‌ಮೆಂಟ್ ಮಾಡಲು ಹಣ ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಿ ಶುಲ್ಕ ಕಟ್ಟುತ್ತಾರೆ. ಎನ್‌ಪಿಟೆಲ್ ಕೋರ್ಸ್‌ಗಳಿಗೆ ಇದು ಹಲವು ವರ್ಷಗಳಿಂದ ಒಂದು ಕೋರ್ಸಿಗೆ 1,000 ರೂಪಾಯಿ ಇತ್ತು. ಕಟ್ಟುವ ಮುನ್ನ ಆ ಸಲದ ಮೊತ್ತವನ್ನೂ ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗಿರುವ ರಿಯಾಯಿತಿಯನ್ನೂ ಅಧಿಕೃತ ಪುಟದಲ್ಲೇ ನೋಡಿಕೊಳ್ಳಿ.

ಪರೀಕ್ಷೆ ನಡೆಯುವುದು ಮನೆಯಲ್ಲಲ್ಲ. ಗೊತ್ತುಪಡಿಸಿದ ಕೇಂದ್ರಕ್ಕೆ ಗುರುತಿನ ಚೀಟಿ ಹಿಡಿದು ಹೋಗಿ, ಮೇಲ್ವಿಚಾರಕರ ಎದುರು ಬರೆಯಬೇಕು. ಅಂಕದ ಲೆಕ್ಕವೂ ಖಚಿತವಾಗಿದೆ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಅಸೈನ್‌ಮೆಂಟ್‌ನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬರಬೇಕು. ಒಂದು ಉದಾಹರಣೆ ನೋಡಿ. ಟೆಲಿಗ್ರಾಂನಲ್ಲಿ ಸಿಗುವ ಉತ್ತರಗಳನ್ನು ನಕಲು ಮಾಡಿ ಒಬ್ಬರು ಅಸೈನ್‌ಮೆಂಟ್‌ನಲ್ಲಿ 25ಕ್ಕೆ 25 ಗಳಿಸಿದರು, ಪರೀಕ್ಷೆಯಲ್ಲಿ 20 ಬಂತು ಎಂದುಕೊಳ್ಳಿ. ಒಟ್ಟು 45 ಆದರೂ ಸರ್ಟಿಫಿಕೇಟ್ ಇಲ್ಲ.

ಆ ಪತ್ರಕ್ಕೆ ಬೆಲೆ ಬರುವುದು ಇದರಿಂದಲೇ. ವಿಡಿಯೊ ಯಾರು ಬೇಕಾದರೂ ನೋಡಬಹುದು. ನಿಮಗೆ ಅರ್ಥವಾಗಿದೆ ಎಂದು ಇನ್ನೊಬ್ಬರು ಪರೀಕ್ಷಿಸಿ ಹೇಳುವುದಕ್ಕೆ ಶುಲ್ಕ.

ಏಳು ದಿನ ಏಕೆ ಸಾಧ್ಯವಿಲ್ಲ?

ಎನ್‌ಪಿಟೆಲ್‌ನ ಸರ್ಟಿಫಿಕೇಟ್ ಕೋರ್ಸ್‌ಗಳು 4, 8 ಅಥವಾ 12 ವಾರದವು. ಅವುಗಳ ಪಾಠ ಸುಮಾರು 10, 20 ಮತ್ತು 30 ಗಂಟೆಯಷ್ಟಿರುತ್ತದೆ. ಜನವರಿಯ ಕಂತಿನ ಪಾಠಗಳು ಸಾಮಾನ್ಯವಾಗಿ ಜನವರಿಯ ನಂತರದ ವಾರಗಳಲ್ಲಿ ಶುರುವಾಗಿ, ಪರೀಕ್ಷೆ ಮಾರ್ಚ್–ಏಪ್ರಿಲ್ ಹೊತ್ತಿಗೆ ಬರುತ್ತದೆ. ಅಂದಮೇಲೆ ಎರಡು-ಮೂರು ವಾರದ ರಜೆಯೊಳಗೆ ಈ ಪತ್ರ ಕೈಗೆ ಬರಲು ದಾರಿಯೇ ಇಲ್ಲ. ಏಳು ದಿನದಲ್ಲಿ ಕೊಡುತ್ತೇವೆ ಎನ್ನುವವರು ಕೊಡುವ ಕಾಗದ ಬೇರೆ ಯಾವುದೋ ಆಗಿರುತ್ತದೆ.

ವಾರವಾರ ಹಂಚಿ ಪಾಠ ಮಾಡುವುದು ಬರೀ ಆಡಳಿತದ ಅನುಕೂಲಕ್ಕಲ್ಲ, ನೆನಪಿನ ವಿಜ್ಞಾನವೂ ಅದನ್ನೇ ಹೇಳುತ್ತದೆ. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ 1885ರಲ್ಲೇ, ಕಲಿತದ್ದು ಮೊದಲ ಕೆಲವು ಗಂಟೆ, ದಿನಗಳಲ್ಲಿ ವೇಗವಾಗಿ ಮರೆತುಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಓದಿದರೆ ಉಳಿಯುತ್ತದೆ ಎಂದು ತೋರಿಸಿದ್ದರು. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಇನ್ನೊಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ನಾಲ್ಕು ಸಲ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ತಿರುಗಿತ್ತು. ನಾಲ್ಕು ಸಲ ಓದಿದವರಿಗೆ ಸುಮಾರು ಶೇ 40ರಷ್ಟು, ನೆನಪಿನಿಂದ ಬರೆದವರಿಗೆ ಸುಮಾರು ಶೇ 61ರಷ್ಟು ನೆನಪಿತ್ತು.

ಸಾಲಾಗಿ ವಿಡಿಯೊ ನೋಡುವುದು ನಾಲ್ಕು ಸಲ ಓದುವುದಕ್ಕೆ ಹತ್ತಿರ. ನೋಡುವಾಗ ಎಲ್ಲ ಅರ್ಥವಾದಂತೆ ಅನಿಸುತ್ತದೆ. ವಾರದ ಅಸೈನ್‌ಮೆಂಟ್ ಇರುವುದು ಆ ಅನಿಸಿಕೆಯನ್ನು ಪರೀಕ್ಷೆಗೆ ಹಚ್ಚಲು. ಉತ್ತರ ನಕಲು ಮಾಡಿದರೆ ಕಲಿಕೆ ನಡೆಯುವ ಜಾಗವನ್ನೇ ಬಿಟ್ಟುಬಿಟ್ಟಂತೆ.

ಸೇರುವವರು ಬಹಳ, ಮುಗಿಸುವವರು ಕಡಿಮೆ

ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸ್‌ಗಳ ಅಂಕಿಅಂಶಗಳನ್ನು ಅಧ್ಯಯನ ಮಾಡಿದ ವರದಿಯೊಂದು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೋರ್ಸಿನ ಪುಟವನ್ನು ತೆರೆದೇ ನೋಡಿರಲಿಲ್ಲ. 2017-18ರಲ್ಲಿ ಕೋರ್ಸ್ ಮುಗಿಸಿದವರು ಶೇ 3ರ ಆಸುಪಾಸು. ಹಣ ಕೊಟ್ಟು ಸರ್ಟಿಫಿಕೇಟ್ ದಾರಿ ಹಿಡಿದವರಲ್ಲಿ ಮಾತ್ರ ಶೇ 46ರಷ್ಟು ಜನ ಮುಗಿಸಿದ್ದರು.

ಇದನ್ನು ಓದಿ ಹಣ ಕಟ್ಟಿದರೆ ಓದು ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಮೊದಲೇ ಗಟ್ಟಿ ಮನಸ್ಸು ಮಾಡಿದವರು ಹಣ ಕಟ್ಟುತ್ತಾರೆ ಎಂಬುದೂ ಅಷ್ಟೇ ನಿಜ. ಒಟ್ಟಿಗೆ ಐದು ಕೋರ್ಸಿಗೆ ಹೆಸರು ಕೊಡುವುದಕ್ಕಿಂತ ಒಂದನ್ನು ಆರಿಸಿ ಮುಗಿಸುವುದು ಲೇಸು.

ಈ ಪತ್ರ ಡಿಗ್ರಿಗೆ ಸಮವೇ?

ಅಲ್ಲ. ಆನ್‌ಲೈನ್ ಕಲಿಕೆಯಲ್ಲಿ ಮೂರು ಬಗೆಯ ಪತ್ರಗಳಿವೆ.

ಮೊದಲನೆಯದು ಪದವಿ. 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಅಧಿಕಾರ ಪಡೆದ ವಿಶ್ವವಿದ್ಯಾಲಯಗಳು ಮತ್ತು ಸಂಸ್ಥೆಗಳು ಮಾತ್ರ ಪದವಿ ಕೊಡಬಹುದು. ಆನ್‌ಲೈನ್ ಪದವಿಗೆ ಯುಜಿಸಿಯ ಅನುಮತಿ ಪಟ್ಟಿಯೇ ಬೇರೆ ಇದೆ. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಪದವಿ ಕಾರ್ಯಕ್ರಮ ಶುರುಮಾಡಿತು. ಅದು ವರ್ಷಗಟ್ಟಲೆ ಓದುವ ಕಾರ್ಯಕ್ರಮ, ರಜೆಯ ಕೋರ್ಸ್ ಅಲ್ಲ.

ಎರಡನೆಯದು ಕ್ರೆಡಿಟ್ ಇರುವ ಕೋರ್ಸಿನ ಸರ್ಟಿಫಿಕೇಟ್. ಸ್ವಯಂನ 4 ವಾರದ ಕೋರ್ಸಿಗೆ 1, 8 ವಾರದ್ದಕ್ಕೆ 2, 12 ವಾರದ್ದಕ್ಕೆ 3 ಕ್ರೆಡಿಟ್ ಎಂಬುದು ಸಾಮಾನ್ಯ ಲೆಕ್ಕ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸ್‌ಗಳನ್ನು ಸ್ವಯಂ ಮೂಲಕ ಓದಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಆದರೆ ಕ್ರೆಡಿಟ್ ತಾನಾಗಿ ಬಂದು ಅಂಕಪಟ್ಟಿಗೆ ಸೇರುವುದಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜಿನವರಾಗಿರಲಿ, ವಿಟಿಯು ಕಾಲೇಜಿನವರಾಗಿರಲಿ, ಕೋರ್ಸಿಗೆ ಸೇರುವ ಮೊದಲೇ ನಿಮ್ಮ ವಿಭಾಗದಲ್ಲಿ ಈ ಕೋರ್ಸ್ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಬೇಕು.

ಮೂರನೆಯದು ಭಾಗವಹಿಸಿದ ಅಥವಾ ವಿಡಿಯೊ ಮುಗಿಸಿದ ಪತ್ರ. ಇದರಿಂದ ತೊಂದರೆಯೇನಿಲ್ಲ. ಆಸಕ್ತಿ ಇತ್ತು ಎಂಬುದಕ್ಕೆ ಅದು ಸಾಕ್ಷಿ, ಅದಕ್ಕಿಂತ ಹೆಚ್ಚೇನೂ ಅಲ್ಲ. ಏಳು ದಿನದ ಜಾಹೀರಾತುಗಳು ಈ ಮೂರನೆಯದನ್ನು ಮೊದಲ ಎರಡರ ಹೆಸರಿನಲ್ಲಿ ಮಾರುತ್ತವೆ.

ಮಾನ್ಯತೆ ಇಲ್ಲದಿದ್ದರೆ ಏನಾಗುತ್ತದೆ?

ಕರ್ನಾಟಕ ಇದನ್ನು ದೊಡ್ಡ ಬೆಲೆ ತೆತ್ತು ಕಲಿತಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ರಾಜ್ಯದ ಕಾಯ್ದೆಯಿಂದಲೇ ಹುಟ್ಟಿದ ಸಂಸ್ಥೆ. ರಾಜ್ಯದ ಹೊರಗೆ ಅಧ್ಯಯನ ಕೇಂದ್ರ ತೆರೆದದ್ದು, ಅನುಮತಿ ಇಲ್ಲದ ತಾಂತ್ರಿಕ ಕೋರ್ಸ್ ನಡೆಸಿದ್ದು ಮುಂತಾದ ಆಕ್ಷೇಪಗಳ ಮೇಲೆ, 2012-13ರ ನಂತರದ ಅದರ ಕಾರ್ಯಕ್ರಮಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ಆ ಹೊತ್ತಿಗೆ ಸೇರಿ, ಓದಿ, ಪರೀಕ್ಷೆ ಬರೆದಿದ್ದ ವಿದ್ಯಾರ್ಥಿಗಳು ನಡುವೆ ಸಿಕ್ಕಿಕೊಂಡರು. ನೌಕರಿಗೆ, ಮುಂದಿನ ಓದಿಗೆ ಆ ಪದವಿ ನಡೆಯುತ್ತದೆಯೇ ಎಂಬ ಪ್ರಶ್ನೆ ಅವರನ್ನು ವರ್ಷಗಟ್ಟಲೆ ಕಾಡಿತು. 2018-19ರ ಸಾಲಿನಿಂದ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಮರಳಿತು.

ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೇ ಹೀಗಾದರೆ, ಹೆಸರೇ ಕೇಳಿರದ ಸಂಸ್ಥೆಗಳ ವಿಷಯ ಹೇಳಬೇಕಾಗಿಲ್ಲ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಗಾಗ ಪ್ರಕಟಿಸುತ್ತದೆ. ವಿದೇಶಿ ಸಂಸ್ಥೆಗಳ ಜೊತೆಗೂಡಿ ಆನ್‌ಲೈನ್ ಪಿಎಚ್‌ಡಿ ಕೊಡಿಸುತ್ತೇವೆ ಎನ್ನುವ ಕಂಪನಿಗಳ ಜಾಹೀರಾತಿಗೆ ಮರುಳಾಗಬೇಡಿ, ಅಂಥ ಪದವಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಜಂಟಿಯಾಗಿ ಎಚ್ಚರಿಸಿದ್ದವು.

ಹಳ್ಳಿಯಲ್ಲಿ, ಕನ್ನಡದಲ್ಲಿ, ಒಂದೇ ಫೋನಿನಲ್ಲಿ

ಮೋಕ, ಸಿರುಗುಪ್ಪ, ಕುರುಗೋಡು ಕಡೆ ಈ ತಿಂಗಳುಗಳಲ್ಲಿ ಮೆಣಸಿನಕಾಯಿ, ಹತ್ತಿ ಬಿಡಿಸುವ ಕೆಲಸವಿರುತ್ತದೆ. ಕಾಲೇಜಿಗೆ ರಜೆ ಇದ್ದರೂ ಹೊಲಕ್ಕೆ ರಜೆ ಇರುವುದಿಲ್ಲ. ದಿನಕ್ಕೆ ಒಂದು ಗಂಟೆ ಸಿಕ್ಕರೆ ಅದೇ ಹೆಚ್ಚು. ಆ ಒಂದು ಗಂಟೆಗೆ ತಕ್ಕ ದಾರಿಗಳಿವೆ.

ಭಾಷೆಯ ತೊಡಕಿದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಿಂದ ಶುರುಮಾಡಬಹುದು. ಲಿಬ್ರೆಆಫೀಸ್, ಲಿನಕ್ಸ್‌ನಂಥ ವಿಷಯಗಳ ಸುಮಾರು 10 ನಿಮಿಷದ ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ. ಹತ್ತು ನಿಮಿಷ ನೋಡಿ, ನಿಲ್ಲಿಸಿ, ಕಂಪ್ಯೂಟರಿನಲ್ಲಿ ಮಾಡಿ ನೋಡುವುದು ಅದರ ಕ್ರಮ.

ನೆಟ್‌ವರ್ಕ್ ಸಿಗದಿದ್ದರೆ ಟಿವಿ ಇದೆ. ಸ್ವಯಂಪ್ರಭಾ ಎಂಬ ಶೈಕ್ಷಣಿಕ ಡಿಟಿಎಚ್ ವಾಹಿನಿಗಳು ಡಿಡಿ ಫ್ರೀ ಡಿಶ್‌ನಲ್ಲಿ ಉಚಿತವಾಗಿ ಸಿಗುತ್ತವೆ. ದಿನಕ್ಕೆ ಕನಿಷ್ಠ 4 ಗಂಟೆಯ ಹೊಸ ಪಾಠವನ್ನು ಹಾಕಿ, ಅದನ್ನೇ ಮತ್ತೆ ಐದು ಸಲ ತೋರಿಸುತ್ತಾರೆ. ಬೆಳಿಗ್ಗೆ ಹೊಲಕ್ಕೆ ಹೋದವರು ರಾತ್ರಿ ನೋಡಬಹುದು.

ಡೇಟಾ ಲೆಕ್ಕ ಹೀಗಿದೆ. 360ಪಿ ಗುಣಮಟ್ಟದಲ್ಲಿ ಒಂದು ಗಂಟೆಯ ವಿಡಿಯೊಗೆ ಅಂದಾಜು 300 ಎಂಬಿ ಬೇಕು. 4 ವಾರದ ಕೋರ್ಸಿನ 10 ಗಂಟೆಗೆ ಸುಮಾರು 3 ಜಿಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಇದ್ದವರಿಗೆ ಇದು ಹೊರೆಯಲ್ಲ.

ರಜೆಯನ್ನು ಹೇಗೆ ಬಳಸಬಹುದು?

ಎನ್‌ಪಿಟೆಲ್‌ನ ಹಳೆಯ ಕೋರ್ಸ್‌ಗಳ ಪಾಠಗಳು ಯೂಟ್ಯೂಬ್‌ನಲ್ಲೂ ಅದರ ಜಾಲತಾಣದಲ್ಲೂ ಹಾಗೆಯೇ ಉಳಿದಿವೆ. ರಜೆಯಲ್ಲಿ ನಿಮಗೆ ಬೇಕಾದ ವಿಷಯದ ಹಳೆಯ ಕೋರ್ಸಿನ ಮೊದಲ ಎರಡು ವಾರದ ಪಾಠ ನೋಡಿ. ಪ್ರತಿ ಪಾಠ ಮುಗಿದ ಮೇಲೆ ಫೋನ್ ತಿರುಗಿಸಿಟ್ಟು, ನೆನಪಿರುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇಂಗ್ಲಿಷ್ ತಿಳಿಯುತ್ತದೆಯೇ, ವಿಷಯ ಹಿಡಿಸುತ್ತದೆಯೇ, ದಿನಕ್ಕೊಂದು ಗಂಟೆ ಸಿಗುತ್ತದೆಯೇ ಎಂಬುದು ಹತ್ತು ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ಜನವರಿಯ ಕಂತಿಗೆ ನೋಂದಾಯಿಸಿ. ಪರೀಕ್ಷಾ ಶುಲ್ಕ ಕಟ್ಟುವ ಮೊದಲು ಕೇಂದ್ರಗಳ ಪಟ್ಟಿಯಲ್ಲಿ ನಿಮಗೆ ಹತ್ತಿರದ ಊರು ಯಾವುದೆಂದು ನೋಡಿ, ಬಸ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ಐದು ಪ್ರಶ್ನೆ

1. ಪರೀಕ್ಷೆ ನಡೆಸುವವರು ಯಾರು, ಎಲ್ಲಿ ನಡೆಯುತ್ತದೆ? ಪರೀಕ್ಷೆಯೇ ಇಲ್ಲವೆಂದರೆ ಅದು ಭಾಗವಹಿಸಿದ ಪತ್ರ ಅಷ್ಟೇ.
2. ಲಿಂಕ್ ಅಧಿಕೃತ ತಾಣದ್ದೇ? ಸ್ವಯಂ ತಾಣದ ವಿಳಾಸ 'ಡಾಟ್ ಗವ್ ಡಾಟ್ ಇನ್' ಎಂದು ಮುಗಿಯುತ್ತದೆ. ಸಂದೇಶದ ಲಿಂಕ್ ಒತ್ತುವ ಬದಲು ವಿಳಾಸವನ್ನು ನೀವೇ ಟೈಪ್ ಮಾಡಿ.
3. ಹಣ ಯಾರಿಗೆ ಹೋಗುತ್ತದೆ? ಯಾರದೋ ಫೋನ್ ನಂಬರಿನ ಯುಪಿಐಗೆ ಕಳಿಸಿ ಎಂದರೆ ಅಲ್ಲಿಗೇ ನಿಲ್ಲಿಸಿ.
4. ಇದು ಪದವಿಯೇ, ಕ್ರೆಡಿಟ್ ಕೋರ್ಸೇ, ಬರೀ ಪತ್ರವೇ? ಮೂರರಲ್ಲಿ ಒಂದನ್ನು ಸ್ಪಷ್ಟವಾಗಿ ಹೇಳಿದ್ದಾರೆಯೇ?
5. ನಿಮ್ಮ ಕಾಲೇಜು ಇದನ್ನು ಒಪ್ಪುತ್ತದೆಯೇ?

ಈಗಾಗಲೇ ಹಣ ಕಳೆದುಕೊಂಡಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಸಂದೇಶ ಬಂದ ಗ್ರೂಪಿಗೂ ಒಂದು ಸಾಲು ಬರೆಯಿರಿ: ಪಾಠ ಸ್ವಯಂ ತಾಣದಲ್ಲಿ ಉಚಿತವಾಗಿದೆ, ಏಳು ದಿನದ ಐಐಟಿ ಸರ್ಟಿಫಿಕೇಟ್ ಎಂಬುದು ಇಲ್ಲ.